ಎದುರುಮನೆಯ ಸೊಪ್ಪಿನ ಹೊರೆ

ಬಾಗಿಲಿಗೆ ನೀರು ಹಾಕಿದ್ದು, ರಾಗಿ ಕೇರಿದ್ದು, ರೇಷ್ಮೆಹುಳದ ತಟ್ಟೆಗಳಿಂದ ಹಿಕ್ಕೆ ತೆಗೆದದ್ದು, ಇದ್ದಬದ್ದ ಹಿಪ್ಪುನೇರಳೆ ಸೊಪ್ಪನ್ನೆಲ್ಲ ಹುಳಕ್ಕೆ ಹಾಕಿದ್ದು, ನಮ್ಮೆಜಮಾನರ ಪಂಚೆಯನ್ನು ನೀಲಿಯಲ್ಲಿ ಅದ್ದಿದ್ದು, ಎಲ್ಲ ಒಂದೇ ಭಾನುವಾರದ ಬೆಳಿಗ್ಗೆ. ಇದರ ನಡುವೆ, ಪತ್ರಿಕೆಯಲ್ಲಿ ಕಂಡ ‘ಸಿನಿಕ’ ಎಂಬ ಪದಕ್ಕೆ ಅವರಲ್ಲಿ ಅರ್ಥ ಕೇಳಿದ್ದೂ ಅಂದೇ. ಆಗ ಅವರು ದಿಬ್ಬೂರಹಳ್ಳಿಯಲ್ಲಿ ಮೇಷ್ಟ್ರು.

“ಯಾರೇ ಒಳ್ಳೇದು ಮಾಡಿದ್ರೂ ಅದರ ಹಿಂದೆ ಸ್ವಾರ್ಥಾನೇ ಹುಡುಕೋನು ಕಣೇ. ನಮ್ಮ ಹೆಡ್‌ಮಾಸ್ಟರಿಲ್ವಾ, ಹಂಗೆ,” ಎಂದರು.

ಮಧ್ಯಾಹ್ನಕ್ಕೆ ಸೊಪ್ಪು ಮುಗಿಯಿತು. ನಮ್ಮ ತೋಟದಲ್ಲಿ ಬರೀ ಕಡ್ಡಿ. ಕೊನೆಯ ಪೊರೆ ಬಿಟ್ಟೆದ್ದ ಹುಳಕ್ಕೆ ಎಷ್ಟು ಹಾಕಿದರೂ ಸಾಲದು. ಇನ್ನೆರಡು ಮೂರು ದಿನ ಸೊಪ್ಪು ಸಿಕ್ಕರೆ ಗೂಡು ಕಟ್ಟುತ್ತವೆ; ಇಲ್ಲದಿದ್ದರೆ ಇಷ್ಟು ದಿನ ಬಗ್ಗಿ ಎದ್ದದ್ದೆಲ್ಲ ತಿಪ್ಪೆಗೆ.

ಅಷ್ಟರಲ್ಲಿ ಎದುರುಮನೆಯ ಅಕ್ಕ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಬಂದು, ಜಗಲಿಯ ಮೇಲೆ ಇಳಿಸಿ, ಬೀದಿಯಲ್ಲೇ ನಿಂತಳು.

ಇವರು ನನ್ನನ್ನು ಒಳಕ್ಕೆ ಕರೆದರು. “ಸುಮ್‌ಸುಮ್ನೆ ಯಾರು ಕೊಡ್ತಾರೆ? ನಾಳೆ ಅರ್ಜಿ ಬರ್ಕೊಡಿ ಅಂತ ಬರ್ತಾಳೆ ನೋಡು.” ಪಿಸುಗುಟ್ಟಿದರೂ ಅದು ಪಾಠ ಹೇಳುವ ಗಂಟಲು.

“ಅರ್ಜಿ ಗಿರ್ಜಿ ಬೇಡ ಮೇಷ್ಟ್ರೇ,” ಎಂದಳು ಅಕ್ಕ. “ನಮ್ಮ ಹುಳ ಎಲ್ಲಾ ಸತ್ತೋದ್ವು. ಸೊಪ್ಪು ಗಿಡದಾಗೇ ಬಲೀತಾ ಐತೆ.”

“ಓಹೋ, ರೋಗದ ಮನೆ ಸೊಪ್ಪು.” ಇವರಿಗೆ ಇನ್ನೊಂದು ಎಳೆ ಸಿಕ್ಕಿತು.

“ಅದಕ್ಕೇ ತೋಟದಿಂದ ಸೀದಾ ಬಂದೆ. ಬೆಳಗಿಂದ ಮನೆ ಹೊಸ್ತಿಲು ತುಳಿದಿಲ್ಲ, ಬಾವಿ ಹತ್ರ ಕೈಕಾಲು ತೊಳ್ಕೊಂಡು ಕೊಯ್ದಿದೀನಿ. ಬೇಡಾಂದ್ರೆ ಹಸೂಗೆ ಹಾಕ್ತೀನಿ ಬಿಡಿ.” ಹೊರೆ ಎತ್ತಲು ಬಗ್ಗಿದಳು.

ಬೆಳಗಿನಿಂದ ಹಿಡಿದಿಟ್ಟುಕೊಂಡಿದ್ದ ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಹೋಗಿ ಹೊರೆ ಹಿಡಿದುಕೊಂಡೆ.

“ಇರಕ್ಕ. ರೀ, ನಿಮ್ಮತ್ರ ಬೇರೆ ಸೊಪ್ಪಿದ್ರೆ ಕೊಡಿ. ಇಲ್ಲಾಂದ್ರೆ ಬಾಗಿಲು ಬಿಡಿ.”

ಬಾಗಿಲು ಬಿಟ್ಟರು.

“ಹುಳ ಹೆಂಗವೆ?” ಅಕ್ಕ ಬೀದಿಯಿಂದಲೇ ಕೇಳಿದಳು. ಒಳಗೆ ಬಂದು ನೋಡುತ್ತೇನೆ ಎನ್ನಲಿಲ್ಲ. ಹುಳ ಸತ್ತ ಮನೆಯವಳು ಇನ್ನೊಬ್ಬರ ಹುಳದ ಹತ್ತಿರ ಹೋಗುವುದಿಲ್ಲ; ರೋಗ ಜೊತೆಗೆ ಬಂದೀತು.

“ಚೆನ್ನಾಗಿವೆ,” ಎನ್ನಲು ನನಗೇ ಸಂಕೋಚವಾಯಿತು.

“ಹಂಗಾದ್ರೆ ಸಂಜೆಗೆ ಇನ್ನೊಂದು ಹೊರೆ ತರ್ತೀನಿ.”

ತಂದಳು. ರಾತ್ರಿ ಮುದ್ದೆ, ಹುರುಳಿಕಾಳಿನ ಸಾರು. ಎದುರುಮನೆಗೂ ಒಂದು ಪಾತ್ರೆ ಸಾರು ಕೊಟ್ಟು ಬಂದು ಇವರಿಗೆ ಬಡಿಸಿದೆ.

“ಎರಡೆರಡು ಹೊರೆ ಕೊಟ್ಟವ್ಳೆ ಅಂದ್ರೆ, ದೊಡ್ಡದೇ ಏನೋ ಇರ್ಬೇಕು,” ಎಂದರು.

ಬಾಯಿ ತುಂಬಲಿ ಎಂದು ಇನ್ನೊಂದು ಮುದ್ದೆ ಹಾಕಿದೆ. ನಾನು ಅಕ್ಕನ ಸೊಪ್ಪನ್ನು ಹುಳದ ತಟ್ಟೆಗಳಿಗೆ ಹರಡಿ ಮುಗಿಸುವ ಮೊದಲೇ ಅವರಿಗೆ ನಿದ್ದೆ ಹತ್ತಿತ್ತು.