ಬೂದು ಬಣ್ಣದ ಬೋಟು

ನಮ್ಮ ಮನೆಯವರ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಯಾವಾಗಲೂ ಬಣ್ಣ ಇರುತ್ತಿತ್ತು. ಸೀಮೆಎಣ್ಣೆ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಕೆಂಪು ಬೋಟಿನ ವಾರ ಕೆಂಪು, ನೀಲಿ ಬೋಟಿನ ವಾರ ನೀಲಿ. ಊಟಕ್ಕೆ ಕೂತಾಗ ಆ ಉಗುರು ನೋಡಿ, ಆ ದಿನ ಯಾರ ಬೋಟಿನ ಕೆಲಸ ನಡೆದಿದೆ ಎಂದು ನಾನು ಹೇಳಿಬಿಡುತ್ತಿದ್ದೆ. ಇವರ ಬಗ್ಗೆ ನನಗೆ ಗೊತ್ತಿದ್ದದ್ದು ಹೆಚ್ಚಾಗಿ ಇಂಥವೇ. ಉಳಿದದ್ದೆಲ್ಲ ನಮ್ಮ ರಸ್ತೆಯ ಟೀಚರಿಗೆ ಗೊತ್ತಿತ್ತು.

ಇವರ ಕೆಲಸ ಮೀನುಗಾರಿಕೆ ಬೋಟುಗಳಿಗೆ ಬಣ್ಣ ಹೊಡೆಯುವುದು, ಹೆಸರು ಬರೆಯುವುದು. ಮಳೆಗಾಲದಲ್ಲಿ ಬೋಟುಗಳು ದಡ ಹತ್ತಿದರೆ ಮತ್ತೆ ಕಡಲಿಗಿಳಿಯುವವರೆಗೆ ಕಿರಿಮಂಜೇಶ್ವರದಿಂದ ಶಿರೂರಿನ ತನಕ ಎಲ್ಲರಿಗೂ ಇವರೇ ಬೇಕು. ಬಣ್ಣ ಕಲಸುವವಳು ನಾನು. ಅಳತೆ ಗಿಳತೆ ಇಲ್ಲ, ಕಣ್ಣಂದಾಜು. ನಾನು ಓದಿದ್ದು ಏಳನೆಯ ತರಗತಿ. ಆದರೆ ಬಣ್ಣದಲ್ಲಿ ಒಂದು ಹನಿ ಹೆಚ್ಚುಕಡಿಮೆಯಾದರೂ ನನಗೆ ತಿಳಿಯುತ್ತಿತ್ತು.

ಮದುವೆಗೆ ಮೊದಲು ಇವರು ಮುಂಬಯಿಯಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದರಂತೆ. ಆಗ ಫುಟ್‌ಪಾತಿನಲ್ಲಿ ಸಿಕ್ಕಿದ ಒಂದು ಇಂಗ್ಲಿಷ್ ಪುಸ್ತಕವನ್ನು ಊರಿಗೆ ತಂದಿದ್ದರು. ರಟ್ಟು ಹರಿದುಹೋದ ಆ ಪುಸ್ತಕದ ತುಂಬ ಜರ್ಮನಿಯ ಯುದ್ಧದ ಹಡಗುಗಳು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಅದನ್ನು ಎಷ್ಟು ಸಲ ಓದಿದ್ದರೋ. ಮದುವೆಯಾದ ಹೊಸತರಲ್ಲಿ ಒಂದು ದಿನ ಅಡುಗೆಮನೆಗೇ ತಂದರು.

“ಇದ್ ಕಾಣ್ ಮಾರಾಯ್ತಿ. ಎಮ್ಡನ್ ಅಂದೇಳಿ. ಮದ್ರಾಸಿಗ್ ಬಂದ್ ಎಣ್ಣಿ ಟ್ಯಾಂಕಿಗೆ ಗುಂಡ್ ಹೊಡ್ದ್ ಹೋದ್ ಹಡ್ಗ್.”

ನನ್ನ ಕೈಯಲ್ಲಿ ಬಂಗುಡೆ ಇತ್ತು. “ಮೀನ್ ಕೊಯ್ದ್ ಆಯ್ಲಿಲ್ಲೆ ಇನ್ನೂ. ನಿಮ್ ಹಡ್ಗ್ ಎಲ್ಲಿಗೂ ಓಡ್ತಿಲ್ಲೆ, ಅಲ್ಲೇ ಇರ್ಲಿ” ಎಂದೆ.

ಇವರು ನಕ್ಕು ಪುಸ್ತಕ ಮುಚ್ಚಿದರು. ಆಮೇಲೆ ನನ್ನೆದುರು ಅದನ್ನು ಬಿಚ್ಚಲೇ ಇಲ್ಲ. ಕೋಪದಿಂದಲ್ಲ. ಇವಳಿಗೆ ಬೇಡ ಎಂದು ತಿಳಿದುಕೊಂಡರು, ಅಷ್ಟೆ.

ಟೀಚರ್ ಸಾಲಿಗ್ರಾಮದ ಕಡೆಯವರು. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತರಾಗಿ ನಮ್ಮ ರಸ್ತೆಯಲ್ಲೇ ಮನೆ ಕಟ್ಟಿಸಿದರು. ಗೇಟಿಗೆ ಹೆಸರು ಬರೆಸಲು ಬಂದವರು ಜಗಲಿಯಲ್ಲಿದ್ದ ಆ ಪುಸ್ತಕ ಕಂಡು ಕೂತರು. ಅಲ್ಲಿಂದ ಮೇಲೆ ಪ್ರತಿ ಭಾನುವಾರ ನಾಲ್ಕು ಗಂಟೆಗೆ ಅವರ ಕೊಡೆ ನಮ್ಮ ಜಗಲಿಯ ಕಂಬಕ್ಕೆ ಒರಗಿರುತ್ತಿತ್ತು.

ಅವರಿಬ್ಬರ ನಡುವೆ ಬೇರೇನೋ ಇದೆಯೆಂಬ ಸಂಶಯ ನನಗಿರಲಿಲ್ಲ. ಅವರು ಮರ್ಯಾದಸ್ಥರು, ಇವರಿಗಿಂತ ವಯಸ್ಸಿನಲ್ಲಿ ದೊಡ್ಡವರು. ನನಗಿದ್ದದ್ದು ಬರೀ ಹೊಟ್ಟೆಕಿಚ್ಚು. ವಾರವಿಡೀ ನನ್ನೊಡನೆ ಹತ್ತು ಮಾತು ಆಡದವರು ಆ ಒಂದು ಗಂಟೆಯಲ್ಲಿ ಕೈ ಬೀಸಿ ಬೀಸಿ ಮಾತಾಡುತ್ತಿದ್ದರು. ನಾನು ಚಹಾ ಕೊಟ್ಟು ಒಳಗೆ ಹೋಗಿ, ಬಾಗಿಲ ಮರೆಯಲ್ಲಿ ತೆಂಗಿನಕಾಯಿ ತುರಿಯುತ್ತ ಕೇಳುತ್ತಿದ್ದೆ.

ಒಂದು ಭಾನುವಾರ ಕೈಸರನ ಮಾತು ಬಂತು. ಅವನು ಜರ್ಮನಿಯ ಚಕ್ರವರ್ತಿ. ಅವನ ಅಜ್ಜಿ ಇಂಗ್ಲೆಂಡಿನ ರಾಣಿ.

“ಸಣ್ಣದಿಪ್ಪತಿಗೆ ಅಜ್ಜಿಮನಿಗ್ ಹೋಯಿ ಅಲ್ಲಿನ್ ಹಡ್ಗ್ ಕಂಡ ಕಾಣಿ ಟೀಚರೆ. ಹೊಟ್ಟಿ ಉರ್ದೋಯ್ತ್. ನಂಗೂ ಅಷ್ಟೇ ಬೇಕ್ ಅಂದ. ದೇಶದ್ ದುಡ್ಡೆಲ್ಲ ಹಾಕಿ ಕಟ್ಸಿದ. ಕಡಿಗೆ ಯುದ್ಧ ಬಂದಾಗ ಎಂತ ಆಯ್ತ್? ದೊಡ್ ದೊಡ್ ಹಡ್ಗೆಲ್ಲ ಹೆಚ್ಚಿನ್ ದಿನ ಬಂದರಿನೊಳ್ಗೇ ನಿಂತಿದ್ದೋ. ಸೋತ್ ಮೇಲೆ ಅವ್ರ್ ನಾವಿಕರೇ ಮುಳ್ಗ್ಸಿದ್ರ್.”

“ತಮ್ ಹಡ್ಗ್ ತಾವೇ ಮುಳ್ಗ್ಸುಕೆ ಮನ್ಸ್ ಹ್ಯಾಂಗ್ ಬಂತಪ್ಪ?” ಎಂದರು ಟೀಚರ್.

“ಇನ್ನೊಬ್ರ್ ಕೈಗ್ ಹೋಪುಕಾಗ ಅಂದೇಳಿ.”

ಯಾವ ಪುಸ್ತಕವೂ ಇಲ್ಲದೆ ಆ ಕೈಸರ್ ನನಗೆ ಅರ್ಥವಾದ. ಎದ್ದು ಹೋಗಿ ಹೇಳಬಹುದಿತ್ತು. ಹೇಳಲಿಲ್ಲ.

ಆ ವರ್ಷದ ಮಳೆಗಾಲದಲ್ಲೇ ಬೂದು ಬೋಟಿನ ಗಲಾಟೆ ಆದದ್ದು. ಒಬ್ಬ ಯಜಮಾನರು ಹೊಸ ಬೋಟು ಮಾಡಿಸಿ, “ನಿಮ್ಗ್ ಚಂದ ಕಂಡ್ ಬಣ್ಣ ಹೊಡೀನಿ” ಎಂದು ಹೇಳಿ ಮಗಳ ಮನೆಗೆ ಹೋಗಿದ್ದರು. ಇವರು ನನ್ನಿಂದ ಬೂದು ಬಣ್ಣ ಕಲಸಿಸಿದರು. ಬಿಳಿಗೆ ಕಪ್ಪು ಹನಿಸಿದೆ. “ಅಲ್ಲ.” ನೀಲಿ ಸೇರಿಸಿದೆ. “ಹತ್ರ ಬಂತ್. ಇನ್ನೂ ತಣ್ಣಗ್ ಆಯ್ಕ್.” ಮೂರನೆಯ ದಿನ ಡಬ್ಬಿಯೊಳಗೆ ನೋಡಿ ಸುಮ್ಮನೆ ನಿಂತುಬಿಟ್ಟರು. ಯಾಕೆಂದು ನಾನು ಕೇಳಲಿಲ್ಲ.

ಬೋಟಿಗೆ ಎರಡೂ ಬದಿ ಅದೇ ಬಣ್ಣ. ಒಂದು ಹೂವಿಲ್ಲ, ಕೆಂಪು ಪಟ್ಟಿಯಿಲ್ಲ. ಬೋಟುಗಳು ನೀರಿಗಿಳಿಯುವ ಮುಂಚಿನ ಕಡಲ ಪೂಜೆಗೆ ನಾಲ್ಕು ದಿನ ಇರುವಾಗ ಯಜಮಾನರು ಬಂದರು.

“ಹ್ವಾಯ್, ಇದೆಂತ ಮಾರಾಯ್ರೆ! ಬೋಟಾ, ಮೋಡವಾ? ಮಳಿ ಬಪ್ಪತಿಗೆ ಕಡ್ಲಂಗೆ ಇದನ್ ಕಾಂಬುದ್ ಯಾರ್? ಬೇರೆ ಬೋಟ್ ಬಂದ್ ಗುದ್ರೆ ನೀವ್ ಈಜ್ತ್ರಿಯಾ?”

“ಯುದ್ಧದ್ ಹಡ್ಗಿಗೆ ಇದೇ ಬಣ್ಣ” ಎಂದರು ಇವರು ಮೆಲ್ಲಗೆ.

“ಯುದ್ಧದವ್ರಿಗೆ ಯಾರಿಗೂ ಕಾಣ್ದಾಂಗೆ ಹುಗ್ಗಿ ಕೂಕಣ್ಕ್. ನಾವ್ ಯಾರ್ ಹತ್ರ ಯುದ್ಧ ಮಾಡುದ್, ಬೂತಾಯಿ ಮೀನಿನ್ ಹತ್ರವಾ?”

ದಡದಲ್ಲಿದ್ದವರೆಲ್ಲ ನಕ್ಕರು. ಇವರ ಮುಖ ನೋಡಲು ನನಗೆ ಆಗಲಿಲ್ಲ. ಅಷ್ಟು ಹೊತ್ತಿಗೆ ಟೀಚರ್ ಅತ್ತ ಬಂದರು. ಬೋಟು ಕಂಡವರೇ ಕೊಡೆ ಮಡಚಿ, “ಅಯ್ಯೋ, ಎಮ್ಡನ್!” ಎಂದರು.

ಇವರು ನಕ್ಕರು. ಮೂವತ್ತು ವರ್ಷ ಸಂಸಾರ ಮಾಡಿ ನಾನು ಒಮ್ಮೆಯೂ ಕೇಳದ ನಗು. “ನೀವ್ ಒಬ್ರಾರೂ ಗುರ್ತ ಹಿಡದ್ರಿ ಟೀಚರೆ” ಎಂದರು. ಬಣ್ಣ ಕಲಸಿದ ಕೈ ನನ್ನದು. ಕಲಸುವ ಕೋಲು ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಆ ಕ್ಷಣ ಟೀಚರನ್ನು ಕಡಲಿಗೆ ದೂಡಬೇಕು ಅನ್ನಿಸಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಅನ್ನಿಸಿದ್ದು ಹೌದು.

ಪೂಜೆಯೊಳಗೆ ಬೋಟನ್ನು ಮತ್ತೆ ಕೆಂಪು, ಹಳದಿ ಮಾಡಿಕೊಟ್ಟರು. ಅದಾಗಿ ಮೂರು ವರ್ಷಕ್ಕೆ, ಕಳೆದ ಮಳೆಗಾಲದಲ್ಲಿ, ಏಣಿ ಇಳಿದು ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

ಉತ್ತರಕ್ರಿಯೆ, ಬೊಜ್ಜ ಎಲ್ಲ ಮುಗಿದು ಎರಡು ವಾರವಾಗಿತ್ತು. ಭಾನುವಾರ ನಾಲ್ಕು ಗಂಟೆಗೆ ಟೀಚರ್ ಬಂದರು. ನಾನು ಪುಸ್ತಕ ತಂದು ಅವರ ಮುಂದಿಟ್ಟೆ. ಕೊಟ್ಟ ರೀತಿ ಒಳ್ಳೆಯದಿರಲಿಲ್ಲ.

“ತಕಂಡ್ ಹೋಯ್ನಿ ಟೀಚರೆ. ಇದ್ ನಿಮ್ದೇ. ನಂಗ್ ಎಂತ ಗೊತ್ತಿತ್?”

ಟೀಚರ್ ಮುಟ್ಟಲಿಲ್ಲ. “ಇದ್ರಲ್ಲಿ ಇಪ್ಪು ಫೋಟೋ ಎಲ್ಲ ಕಪ್ಪು-ಬಿಳಿ. ಆ ಹಡ್ಗಿನ್ ಬಣ್ಣ ಎಂತದ್ ಅಂದೇಳಿ ಅವ್ರಿಗ್ ಇಷ್ಟ್ ವರ್ಷ ಗೊತ್ತಿರ್ಲಿಲ್ಲೆ. ‘ನಮ್ಮವ್ಳ್ ಡಬ್ಬಿ ಒಳ್ಗೆ ಕಲ್ಸಿ ಕೊಟ್ಲ್ ಕಾಣಿ, ಆಗ ಆ ಬಣ್ಣ ಕಂಡೆ’ ಅಂದಿದ್ರ್.”

“ಯಾವಾಗ?”

“ಆ ಬೋಟ್ ಕಂಡ್ ದಿನ್ವೇ, ನೀವ್ ಮನಿಗ್ ಹೋದ್ ಮೇಲೆ. ನಿಮ್ಗ್ ಹೇಳಿರ್ಲಿಲ್ಯಾ?”

ಹೇಳಿರಲಿಲ್ಲ. ಟೀಚರ್ ಕಣ್ಣೊರೆಸಿಕೊಂಡರು. ನನಗೆ ಅಳು ಬರಲಿಲ್ಲ. ಇವರು ನನ್ನ ಬಗ್ಗೆ ಆಡಿದ ಅಷ್ಟು ಒಳ್ಳೆಯ ಮಾತು ಮೂರು ವರ್ಷ ಇನ್ನೊಬ್ಬರ ಬಳಿ ಇತ್ತು. ನಾನು ಅದೇ ಮನೆಯಲ್ಲಿ, ಬಾಗಿಲ ಆಚೆ ಇದ್ದೆ.

ಟೀಚರ್ ಈಗಲೂ ಭಾನುವಾರ ಬರುತ್ತಾರೆ. ಬರಬೇಡಿ ಎನ್ನಲಾರೆ. ಇವರು ಹೇಳಿದ್ದು ಮತ್ತೇನಾದರೂ ನೆನಪಿದೆಯೇ ಎಂದು ನಾನೇ ಕೇಳುತ್ತೇನೆ. ಅವರು ಒಂದೊಂದಾಗಿ ಹೇಳುತ್ತಾರೆ. ನಾನು ಎದುರಿಗೇ ಕೂತು ಕೇಳುತ್ತೇನೆ. ಪ್ರತಿಯೊಂದಕ್ಕೂ ಹೊಟ್ಟೆ ಉರಿಯುತ್ತದೆ. ಆದರೂ ಇನ್ನೊಂದು ಲೋಟ ಚಹಾ ಬಗ್ಗಿಸುತ್ತೇನೆ, ಇನ್ನೂ ಸ್ವಲ್ಪ ಹೊತ್ತು ಕೂರಲಿ ಎಂದು.