ಗಡಿಗೆಯ ಜೇನು, ಚಿಗವ್ವನ ಒಲೆ

ಕಾಕಾ ಬೇರೆಯಾದದ್ದಕ್ಕೇ ನಮ್ಮ ಮನೆಯ ಜೇನು ಹಾರಿಹೋದವು ಎಂದು ನಂಟರೆಲ್ಲ ಹೇಳುತ್ತಾರೆ. ಒಪ್ಪುವುದು ಕಷ್ಟ. ಜೇನು ಎದ್ದದ್ದು ಸಂಕ್ರಾಂತಿ ಕಳೆದ ಮೇಲೆ. ಕಾಕಾ ಹೋದದ್ದು ಯುಗಾದಿ ದಾಟಿದ ಮೇಲೆ. ಕಾರಣಕ್ಕಿಂತ ಮೊದಲೇ ಪರಿಣಾಮ ಬಂತೆಂದರೆ ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ಯಾರೂ ಕೂತು ಕೇಳುವುದಿಲ್ಲ. ಅಲ್ಲದೆ, ಜೇನು ಪೂರ್ತಿ ಹೋಗಲೇ ಇಲ್ಲ.

ಧಾರವಾಡದ ನಮ್ಮ ಮನೆಯ ಹಿತ್ತಿಲ ಗೋಡೆಯಲ್ಲಿ ಒಂದು ಮಣ್ಣಿನ ಗಡಿಗೆಯನ್ನು ಅಡ್ಡಲಾಗಿ ಕೂರಿಸಿ, ಹೊರಬದಿಗೆ ಬೆರಳು ತೂರುವಷ್ಟು ಕಿಂಡಿ ಬಿಟ್ಟಿದ್ದರು. ಜೇನಿನ ಸಂಸಾರ ಅದರೊಳಗೆ. ಯಾರಾದರೂ ಬೇರೆಯಾಗುವ ಮಾತು ತೆಗೆದರೆ ಆಯಿ, ಅಂದರೆ ತಂದೆಯ ತಾಯಿ, ಅವರನ್ನು ಆ ಗಡಿಗೆಯ ಮುಂದೆ ನಿಲ್ಲಿಸುತ್ತಿದ್ದಳು. ಸೀಮೆಎಣ್ಣೆಯೂ ಸಿಗದ ಆ ಯುದ್ಧದ ವರ್ಷ ನಿಂತವಳು ಚಿಗವ್ವ, ಕಾಕಾನ ಹೆಂಡತಿ. ಹತ್ತಿ ವ್ಯಾಪಾರದ ಮನೆ, ಬಂದುಹೋಗುವವರು ಬಹಳ. ಅವರಿಗೆಲ್ಲ ರೊಟ್ಟಿ ಬಡಿಯುವವಳು ಅವಳು. ಲಕಮನಹಳ್ಳಿಯ ಹೊಲದ ಮನೆಯಲ್ಲಿ ತನ್ನದೇ ಒಂದು ಒಲೆ ಹೂಡಬೇಕೆಂಬುದೊಂದೇ ಅವಳ ಆಸೆ.

“ಇಷ್ಟು ಹುಳ ಒಂದ ಗಡಿಗ್ಯಾಗ ಬಾಳೇವು ಮಾಡ್ತಾವ. ನಿನಗ ಇಷ್ಟು ದೊಡ್ಡ ಮನಿ ಸಾಲವಲ್ದೇನು?” ಎಂದಳು ಆಯಿ.

“ಹುಳಕ್ಕ ರೊಟ್ಟಿ ಬಡಿಯೂ ಕೆಲಸ ಇಲ್ಲಲ್ರೀ ಅತ್ತಿ,” ಎಂದಳು ಚಿಗವ್ವ.

ಒಂದು ಬೆಳಿಗ್ಗೆ ಹುಳಗಳು ದಂಡುಕಟ್ಟಿ ಹೊರಬಿದ್ದು ಬೇವಿನ ಕೊಂಬೆಗೆ ಜೋತುಬಿದ್ದವು. ಮನೆಯ ಭಾಗ್ಯವೇ ಎದ್ದುಹೋಯಿತೆಂದು ಆಯಿ ಹೌಹಾರಿದಳು. ಅವಳ ಅಪ್ಪಣೆಯಂತೆ ಕಾಕಾ ಕಂಬಳಿ ಹೊದ್ದು, ಗೊಂಚಲನ್ನು ಬುಟ್ಟಿಗೆ ಕೊಡವಿ, ಅದೇ ಗಡಿಗೆಗೆ ಸುರುವಿ, ಕಿಂಡಿಗೆ ಸಗಣಿ ಮೆತ್ತಿದ. ಮರುದಿನ ಕಿಂಡಿ ತೆರೆದದ್ದೇ ತಡ, ಮತ್ತೆ ಎದ್ದು ಕೆಲಗೇರಿ ಕೆರೆಯ ಕಡೆ ಹೋದವು. ನಾನು ಗಡಿಗೆಗೆ ಕಿವಿ ಹಚ್ಚಿದೆ. ಒಳಗೆ ಇನ್ನೂ ಗುಂಯ್‌ಗುಡುತ್ತಿತ್ತು.

“ಆಯೀ, ಜೇನೂ ಬ್ಯಾರೆ ಆಗ್ತಾವ,” ಎಂದೆ. “ಮಂದಿ ಹೆಚ್ಚಾದ್ರ ಅರ್ಧ ಹುಳ ಹೊಸ ಮನಿ ಹುಡುಕ್ಕೊಂಡು ಹೋಗ್ತಾವ. ಮುಂದ ಹೋಗಾಕಿ ಯಾರು ಗೊತ್ತೇನು? ಮುದುಕಿ ರಾಣಿ. ತುಂಬಿದ ಮನಿ ಮಗಳಿಗೆ ಬಿಟ್ಟು ಹೋಗ್ತಾಳ.”

“ಯಾವ ಹುಳ ಬಂದು ಹೇಳಿತು ನಿನಗ?”

“ಪುಸ್ತಕದಾಗ ಐತಿ.”

“ಹಂಗಾರ ಖರೇನ ಇರಬೇಕು ಬಿಡು,” ಎಂದು ಆಯಿ ಎಲೆಯಡಿಕೆ ಬಾಯಿಗಿಟ್ಟುಕೊಂಡಳು. ಒಪ್ಪಿಗೆಯೋ ಅಣಕವೋ ತಿಳಿಯಲಿಲ್ಲ. ವಾರ ಕಳೆಯುವುದರೊಳಗೆ ಚಿಗವ್ವನಿಗೆ ಹೋಗಲು ಅಪ್ಪಣೆ ಸಿಕ್ಕಿತು.

ಗೆದ್ದೆನೆಂದು ಹೇಳಲಾರೆ. ಜೇನಿಗೆ ಅತ್ತೆ ಸೊಸೆಯರಿಲ್ಲ, ಒಲೆಯೂ ಇಲ್ಲ. ಆಯಿ ಅವುಗಳಲ್ಲಿ ಕೂಡಿ ಬಾಳುವುದನ್ನು ಕಂಡಳು, ನಾನು ಬೇರೆಯಾಗುವುದನ್ನು. ಎರಡೂ ಪಕ್ಷಕ್ಕೆ ಅವೇ ವಕೀಲರು. ಅವುಗಳ ಅಭಿಪ್ರಾಯ ಮಾತ್ರ ಯಾರೂ ಕೇಳಲಿಲ್ಲ.

ಯುಗಾದಿಯ ನಂತರ ಚಕ್ಕಡಿ ಕಟ್ಟಿದರು. ಚಿಗವ್ವ ಹೊಸ ರೊಟ್ಟಿ ಹಂಚನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಷ್ಟರಲ್ಲಿ ಆಯಿ ಹಾಸಿಗೆಯ ಸುರುಳಿ, ಎಲೆಯಡಿಕೆ ಚೀಲ ಹಿಡಿದು ಬಂದು ಅವಳ ಮುಂದೆಯೇ ಹತ್ತಿ ಕೂತಳು.

“ನೀವೆಲ್ಲಿಗ್ರೀ ಅತ್ತಿ?”

“ಈ ಶಾಣ್ಯಾ ಹೇಳಿಲ್ಲೇನು? ಹೊಸ ಮನಿಗೆ ಹೋಗಾಕಿ ಮುದುಕೀನ ಅಂತ. ಪುಸ್ತಕದಾಗ ಐತಂತ.”

ಕಾಕಾ ನಕ್ಕ. ಚಿಗವ್ವ ಹಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ಎತ್ತುಗಳು ಹೆಜ್ಜೆ ಕಿತ್ತವು. ನಾನು ಚಕ್ಕಡಿಯ ಮಗ್ಗುಲಲ್ಲಿ ನಡೆಯುತ್ತ ಕೇಳಿದೆ:

“ಆಯೀ, ಆ ಮನ್ಯಾಗ ಒಲಿ ಯಾರದು?”