ಬೀಜದ ಮಡುವಿಗೆ ಒಂದು ಗಡಿಗೆ

ಮೀನು ಹೊತ್ತ ಗಡಿಗೆಯನ್ನು ಎಷ್ಟು ಉಜ್ಜಿದರೂ ವಾಸನೆ ಹೋಗುವುದಿಲ್ಲ. ಮೊನ್ನೆ ಯಾದಗಿರಿ ಸಂತೆಯಲ್ಲಿ ಯಾರೋ ಗಡಿಗೆಯಲ್ಲಿ ಜೀವಂತ ಮೀನು ಇಟ್ಟುಕೊಂಡು ಕೂತಿದ್ದರು. ಹಸಿ ಮಣ್ಣು, ಪಾಚಿ, ಮೀನು ಮೂರೂ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ಅಲ್ಲೇ ನಿಂತವು. ಎಂಬತ್ತು ದಾಟಿದ ಮುದುಕಿ ಸಂತೆಯ ನಡುವೆ ನಿಂತು ಕಣ್ಣೀರು ಹಾಕಿದರೆ ನೋಡಿದವರು ಏನಂದಾರು? ಅಂದರೆ ಅನ್ನಲಿ. ನಿಮಗೂ ಇಂಥ ಒಂದು ವಾಸನೆ ಇದ್ದೀತು.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಶಹಾಪುರದ ದಾರಿಯಲ್ಲಿ ಭೀಮೆ ದಾಟುವ ಕಡೆ ನಮ್ಮ ಅಂಬಿಗರ ಓಣಿ, ಎಂಟೇ ಮನೆ. ಅವ್ವ ನನ್ನನ್ನು ಹೆತ್ತು ತೀರಿಕೊಂಡಿದ್ದಳು. ರೈಲು ಹಳಿಯ ಕೆಲಸಕ್ಕೆ ಹೋದ ಅಪ್ಪ ವರ್ಷಕ್ಕೊಮ್ಮೆ ಮುಖ ತೋರಿಸುತ್ತಿದ್ದ. ನನಗಿದ್ದವನು ಮುತ್ಯಾ, ಅಪ್ಪನ ಅಪ್ಪ. ನದಿಯ ಹೆಸರನ್ನೇ ನನಗಿಟ್ಟು ಭೀಮಿ ಎಂದು ಕರೆಯುತ್ತಿದ್ದ. ಬೇಸಿಗೆಯಲ್ಲಿ ಭೀಮೆ ಹರಿಯುತ್ತಿರಲಿಲ್ಲ, ಬಂಡೆಗಳ ನಡುವೆ ಅಲ್ಲಲ್ಲಿ ಹೊಂಡವಾಗಿ ನಿಲ್ಲುತ್ತಿದ್ದಳು. ಹೊಂಡ ಬತ್ತುವಾಗ ಅದರೊಳಗಿನ ದೊಡ್ಡ ಮೀನುಗಳನ್ನು ತಿನ್ನದೆ, ಮಾರದೆ, ಗಡಿಗೆಯಲ್ಲಿ ಹೊತ್ತು ದೇವಿಬಂಡೆಯ ಕೆಳಗಿನ ಆಳದ ಮಡುವಿಗೆ ಬಿಡುವುದು ನಮ್ಮವರ ಕಟ್ಟಳೆ. ಅದು ಬೀಜದ ಮಡು. ಅಲ್ಲಿ ಬಲೆ ಹಾಕುವಂತಿರಲಿಲ್ಲ. ಮಳೆಗಾಲದಲ್ಲಿ ನದಿ ತುಂಬಿದಾಗ ಆ ಮೀನುಗಳೇ ಹೊರಬಿದ್ದು ಮರಿ ಮಾಡಬೇಕು, ಆಮೇಲೆ ನಾವು ಉಣ್ಣಬೇಕು. ಮನೆಗೆ ಒಂದೇ ಗಡಿಗೆ, ಅದೂ ಓಣಿಗೆ ಹಿರಿಯನಾದ ಮುತ್ಯಾ ಹ್ಞೂಂ ಅಂದ ಮೇಲೆ.

ನನಗೆ ಒಂಬತ್ತು ತುಂಬಿದ ವರ್ಷ ಹಿಂಗಾರಿ ಮಳೆ ಕೈಕೊಟ್ಟಿತು. ಯುಗಾದಿಗೆ ಮೊದಲೇ ಹೊಂಡಗಳು ಬಿರುಕುಬಿಟ್ಟವು. ಜನ ಕಂಗಾಲಾಗಿ ಎರಡು ಗಡಿಗೆ, ಮೂರು ಗಡಿಗೆ ತಂದು ಸುರಿದರು. ಕೊನೆಗೆ ಮುತ್ಯಾ ಬಂಡೆಯ ಮೇಲೆ ನಿಂತು ತಡೆದ.

"ಸಾಕ್ರಿ. ಇನ್ನ ಯಾರೂ ತರಬ್ಯಾಡ್ರಿ. ಇದ್ದಷ್ಟ ನೀರಾಗ ಇವಕ್ಕ ಉಸರಾಡಾಕ ಜಾಗಾ ಬೇಕಲ್ಲ."

"ಹಂಗಾದ್ರ ಉಳಿದವು ಸಾಯ್ಲೇನು ಕಾಕಾ?" ಎಂದ ಪಕ್ಕದ ಮನೆಯ ಸಾಬಣ್ಣ.

"ಸಾಯ್ಲಿ. ಇಲ್ಲಂದ್ರ ಎಲ್ಲಾನೂ ಸಾಯ್ತಾವ."

ಎಂಥ ಕಲ್ಲೆದೆಯವನು ಎಂದು ನನಗೆ ಸಿಟ್ಟು ಬಂತು. ಮಧ್ಯಾಹ್ನ ಅವನು ಬೇವಿನ ಕೆಳಗೆ ಅಡ್ಡಾದಾಗ, ನಮ್ಮ ಮನೆಯ ಹಿಂದಿನ ಹೊಂಡದ ಕೆಸರಲ್ಲಿ ಬಾಯಿ ಬಿಡುತ್ತಿದ್ದ ಏಳೆಂಟು ಮೀನುಗಳನ್ನು ಗಡಿಗೆಗೆ ತುಂಬಿಕೊಂಡು ಹೋಗಿ ಮಡುವಿಗೆ ಸುರಿದು ಬಂದೆ. ಪುಣ್ಯ ಕಟ್ಟಿಕೊಂಡೆ ಎಂದು ಬೀಗಿದ್ದೂ ಉಂಟು.

ಮೂರನೆಯ ಬೆಳಗ್ಗೆ ಮಡುವಿನ ತುಂಬ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮುತ್ಯಾ ನೀರಿಗಿಳಿದು ಒಂದೊಂದನ್ನೇ ಎತ್ತಿ ನೋಡಿದ. ಒಂದೂ ಮಿಸುಕಲಿಲ್ಲ. ಅವನು ಯಾರನ್ನೂ ಬೈಯಲಿಲ್ಲ. "ನಂದ ತಪ್ಪು. ಎರಡನೇ ಗಡಗಿ ಬಂದಾಗ ತಡೀಬೇಕಿತ್ತು" ಎಂದಷ್ಟೇ ಅಂದ. ನಾನೂ ಒಂದು ಗಡಿಗೆ ಸುರಿದದ್ದನ್ನು ಆಗಲೇ ಹೇಳಬೇಕಿತ್ತು.

ಮುಂಗಾರಿನ ಮಿರಗ ಹೋಯಿತು, ಆರಿದ್ರಾ ಹೋಯಿತು, ಮಳೆಯ ಸುಳಿವಿಲ್ಲ. ಒಂದೊಂದೇ ಮನೆಯವರು ಗಂಟು ಕಟ್ಟಿಕೊಂಡು ಸೊಲ್ಲಾಪುರದ ಗಿರಣಿ ಕೆಲಸಕ್ಕೆ ಹೊರಟರು. ಸಾಬಣ್ಣ ಹೋಗುವಾಗ ತನ್ನ ಹರಗೋಲನ್ನು ನಮ್ಮ ಅಂಗಳದಲ್ಲಿ ಬೋರಲು ಹಾಕಿ ಹೋದ. ಓಣಿಯಲ್ಲಿ ಉಳಿದವರು ನಾವಿಬ್ಬರೇ. ಆಟಕ್ಕೆ ಒಂದು ಮಗುವಿಲ್ಲ, ಜಗಳಕ್ಕೂ ಒಬ್ಬರಿಲ್ಲ. ನಾನು ಮುಚ್ಚಿದ ಬಾಗಿಲುಗಳ ಮುಂದೆ ಹೋಗಿ ಸುಮ್ಮನೆ ಹೆಸರು ಹಿಡಿದು ಕೂಗಿ ಬರುತ್ತಿದ್ದೆ.

ಉತ್ತರಿ ಮಳೆಗೆ ನದಿ ಬಂತು, ಎರಡೂ ದಡ ತುಂಬಿ ಬಂತು. ಪ್ರವಾಹ ಇಳಿದ ಮೇಲೆ ಮುತ್ಯಾ ದಿನಾ ಬಲೆ ಬೀಸಿದ. ಬಲೆಗೆ ಬಂದದ್ದು ಬರೀ ಕಸಕಡ್ಡಿ. ಒಂದು ದಿನ ಬಲೆ ಮಡಚಿಟ್ಟು ದಡದಲ್ಲಿ ಕೂತ.

"ನೀರು ಬಂದಾವ ಭೀಮಿ. ಒಳಗ ಯಾರೂ ಇಲ್ಲ."

ಇವತ್ತು ಹೇಳಿಯೇಬಿಡಬೇಕು ಎಂದು ಅವನ ಪಕ್ಕ ಕೂತೆ. ಅವನು ನನ್ನ ತಲೆಯ ಮೇಲೆ ಕೈಯಿಟ್ಟ.

"ಇಡೀ ಓಣ್ಯಾಗ ನನ್ನ ಮಾತು ಕೇಳಿದಾಕಿ ನೀ ಒಬ್ಬಾಕಿ" ಎಂದ.

ಅವನು ಸಾಯುವವರೆಗೂ ನಾನು ಆ ಮಾತನ್ನು ಸುಳ್ಳು ಮಾಡಲಿಲ್ಲ.